ಒಲ್ಲೆನೆಂದವರ ಪಕ್ಷ

ಪ್ರೇಮದ ಕಥೆಯನ್ನು ಓದುವಾಗ ನಾವೆಲ್ಲ ಸಾಮಾನ್ಯವಾಗಿ ಪ್ರೇಮಿಸಿದವರ ಬೆನ್ನಿಗೆ ನಿಂತು ಓದುತ್ತೇವೆ. ಅವರ ನಿಟ್ಟುಸಿರು ನಮ್ಮ ನಿಟ್ಟುಸಿರು, ಅವರ ನಿದ್ದೆಗೇಡು ನಮ್ಮ ನಿದ್ದೆಗೇಡು. ಅವರು ಬಯಸಿದ ಜೀವ 'ಒಲ್ಲೆ' ಎಂದರೆ ಆ ಜೀವದ ಮೇಲೆ ನಮಗೂ ಒಂದು ಸಣ್ಣ ಮುನಿಸು ಹುಟ್ಟುತ್ತದೆ. ಸಾವಿರ ವರ್ಷದ ನಮ್ಮ ಕಾವ್ಯ ಪರಂಪರೆಯಲ್ಲಿ ಈ 'ಒಲ್ಲೆ' ಎಂಬ ಮಾತು ಎಲ್ಲೆಲ್ಲಿ ಬಂದಿದೆ, ಬಂದಾಗ ಏನೇನಾಗಿದೆ, ಕವಿಗಳು ಯಾರ ಪಕ್ಷ ವಹಿಸಿದ್ದಾರೆ ಎಂಬುದನ್ನು ಸ್ವಲ್ಪ ನೋಡುವುದು ಈ ಲೇಖನದ ಉದ್ದೇಶ. ನಾನು ಸಾಹಿತ್ಯದ ಅಧ್ಯಾಪಕನಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಬ್ಯಾಂಕಿನ ಗುಮಾಸ್ತ. ಮಹಾರಾಷ್ಟ್ರದ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು ಬಿ.ಎ. ಮುಗಿಸಿದವನು. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಸ್ವಂತ ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1999ರಲ್ಲಿ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ವರ್ಗದಲ್ಲಿ ಮರಾಠಿ ಮನೆಮಾತಿನ ಒಬ್ಬ ಹುಡುಗಿಯಿದ್ದಳು. ಒಂದು ವರ್ಷ ಮನಸ್ಸಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ನನಗೆ ಬಂದಷ್ಟು ಮರಾಠಿಯಲ್ಲಿ ಒಂದು ಪತ್ರ ಬರೆದುಕೊಟ್ಟೆ. ಮರುದಿನ ಆಕೆ ಆ ಪತ್ರವನ್ನು ಮಡಿಕೆ ಕೆಡದಂತೆ ಹಿಂದಿರುಗಿಸಿ 'ನಕೋ' ಎಂದಳು. ಅಷ್ಟೇ ಮಾತು. ನನ್ನ ಗೆಳೆಯರು ಸುಮ್ಮನಿರಲಿಲ್ಲ. ಆಗಿನ ಸಿನೆಮಾ ನಾಯಕರಲ್ಲಿ ಬಹಳ ಮಂದಿ ಹುಡುಗಿಯ ಹಿಂದೆ ಹಿಂದೆ ಹೋಗಿಯೇ ಗೆದ್ದವರು. 'ಬೆನ್ನ ಬಿಡಬ್ಯಾಡಲೇ, ಇವತ್ತ ನಕೋ ಅಂದಾಕಿ ನಾಳೆ ಹೂಂ ಅಂತಾಳ' ಎಂದು ಹುರಿದುಂಬಿಸಿದರು. ಆಕೆಯ ಬಸ್ಸು ಬರುವ ಹೊತ್ತಿಗೆ ನಾಲ್ಕು ದಿನ ಸ್ಟ್ಯಾಂಡಿನಲ್ಲಿ ನಾನು ಹೋಗಿ ನಿಂತದ್ದೂ ಉಂಟು. ಐದನೆಯ ದಿನ ನಮ್ಮೂರ ಕನ್ನಡ ಶಾಲೆಯ ಗುರುಗಳು ಅಲ್ಲಿಯೇ ಕಂಡರು.

'ಇಲ್ಲ್ಯಾಕ ನಿಂತೀಯೋ ತಮ್ಮಾ?' ಎಂದರು. ನಾನು ತಡವರಿಸಿದೆ. ಅವರಿಗೆ ಊರಿನ ಸುದ್ದಿ ಮೊದಲೇ ಮುಟ್ಟಿತ್ತು. ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿ, ಬೈಯದೆ, ಒಂದು ಹಳೆಯ ಕಥೆ ಹೇಳಿದರು. ಅದು ಜನ್ನಕವಿಯ ಚಂಡಶಾಸನನ ಕಥೆ. ಹೊರಡುವಾಗ ಬಾಗಿಲ ತನಕ ಬಂದು, 'ಆಕಿ ಒಲ್ಲೆ ಅಂದಾಳ. ಆ ಮಾತಿಗೆ ಅರ್ಥ ಒಂದ ಐತಿ. ನೀ ಅದಕ್ಕ ಟೀಕಾ ಬರಿಯಾಕ ಹೋಗಬ್ಯಾಡ' ಎಂದರು. ಆರನೆಯ ದಿನ ನಾನು ಸ್ಟ್ಯಾಂಡಿಗೆ ಹೋಗಲಿಲ್ಲ. ಒಂದು ಹಳಗನ್ನಡ ಕಾವ್ಯ ನನ್ನಂಥ ಸಾಧಾರಣ ಹುಡುಗನ ಕಾಲು ಹಿಡಿದು ನಿಲ್ಲಿಸಿದ ಆ ಸಂಗತಿಯೇ ಈ ಬರಹದ ಮೂಲ.

ಚಿಪ್ಪಿನಲ್ಲಿ ಕಂಡ ಬೆಳ್ಳಿ

ನಮ್ಮ ಹಿಂದಿನ ಕಾವ್ಯಶಾಸ್ತ್ರಕಾರರು ಈ ವಿಷಯವನ್ನು ಚೆನ್ನಾಗಿಯೇ ಯೋಚಿಸಿದ್ದರು. ಇಬ್ಬರೂ ಪರಸ್ಪರ ಒಲಿದು ಅಗಲಿದ್ದರೆ ಅದು ವಿಪ್ರಲಂಭ ಶೃಂಗಾರ. ಒಬ್ಬರಲ್ಲಿ ಮಾತ್ರ ಒಲವಿದ್ದು ಮತ್ತೊಬ್ಬರಲ್ಲಿ ಇಲ್ಲದಿದ್ದರೆ ಅದನ್ನು ಅವರು ಶೃಂಗಾರವೆಂದೇ ಕರೆಯಲಿಲ್ಲ; ಶೃಂಗಾರಾಭಾಸ ಎಂದರು. ಅಂದರೆ ಶೃಂಗಾರದಂತೆ ತೋರುವುದು, ಆದರೆ ಅಲ್ಲ. ಇದಕ್ಕೆ ಅವರು ಕೊಡುತ್ತ ಬಂದ ಉದಾಹರಣೆ ಸೀತೆಯ ಮೇಲಿನ ರಾವಣನ ಮೋಹ. ಆನಂದವರ್ಧನನ ಧ್ವನ್ಯಾಲೋಕಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತನು ಇದನ್ನು ಚಿಪ್ಪಿನಲ್ಲಿ ಬೆಳ್ಳಿ ಕಂಡ ಭ್ರಮೆಗೆ ಹೋಲಿಸುತ್ತಾನೆ. ಅವನ ಇನ್ನೊಂದು ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. ಸೀತೆಗೆ ತನ್ನ ಮೇಲೆ ಮನಸ್ಸಿಲ್ಲ, ದ್ವೇಷವಿದೆ ಎಂಬ ತಿಳಿವು ರಾವಣನ ಎದೆಯನ್ನು ಮುಟ್ಟುವುದೇ ಇಲ್ಲ; ಮುಟ್ಟಿದ್ದರೆ ಅವನ ಬಯಕೆಯೂ ಕರಗಿಹೋಗುತ್ತಿತ್ತು ಎಂಬುದು ಅದರ ಭಾವ. ಕಿವಿಗೆ ಕೇಳಿದ್ದು ಎದೆಗೆ ಮುಟ್ಟದಿರುವುದೇ ಈ ರೋಗದ ಲಕ್ಷಣ ಎಂದು ಸಾವಿರ ವರ್ಷದ ಹಿಂದೆಯೇ ಒಬ್ಬ ಶಾಸ್ತ್ರಕಾರ ಗುರುತಿಸಿದ್ದಾನೆ.

ನಮ್ಮ ಮಲಯಾಳಿ ವಾಚಕರಿಗೆ ಹತ್ತಿರವಾದ ಇನ್ನೊಂದು ಪರಂಪರೆಯೂ ಇದೆ. ಹಳೆಯ ತಮಿಳು ಲಕ್ಷಣಗ್ರಂಥ ತೊಲ್ಕಾಪ್ಪಿಯಂ ಅಕಂ ಕಾವ್ಯಗಳನ್ನು ಏಳು ತಿಣೈಗಳಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಐದಕ್ಕೆ ಮಾತ್ರ ಬೆಟ್ಟ, ಕಾಡು, ಗದ್ದೆ, ಕಡಲು, ಬರಡು ಎಂಬ ನೆಲಗಳ ನಂಟು. ಉಳಿದ ಎರಡರಲ್ಲಿ ಒಂದು ಕೈಕ್ಕಿಳೈ, ಎಂದರೆ ಒಂದೇ ಕಡೆಯ ಒಲವು. ಇನ್ನೊಂದು ಪೆರುಂತಿಣೈ, ಎಂದರೆ ಹೊಂದಿಕೆಯಿಲ್ಲದ ಒಲವು. ಇವೆರಡಕ್ಕೂ ತಮ್ಮದೆಂಬ ನೆಲವಿಲ್ಲ. ಒಮ್ಮುಖದ ಒಲವಿಗೆ ನಿಲ್ಲಲು ನೆಲವೇ ಇಲ್ಲ ಎಂಬ ಈ ಸಂಗತಿಯನ್ನು ಗಡಿಯಲ್ಲಿ ಬಾಳುವ ನಾವು ಓದಿದಾಗ ಒಂದು ಕ್ಷಣ ಸುಮ್ಮನಾಗುತ್ತೇವೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ವಿಜಯಪುರದ ಕವಿ ಕಂಡ ರಾವಣ

ಶಾಸ್ತ್ರ ಹೀಗೆಂದರೂ ಕವಿಗಳು ಅಲ್ಲಿಗೇ ನಿಲ್ಲಲಿಲ್ಲ. ಜತ್ತ ತಾಲೂಕಿನ ಪೂರ್ವ ಗಡಿ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿ ಆದಿಲಶಾಹಿ ಗುಮ್ಮಟಗಳು ಏಳುವುದಕ್ಕೆ ಐದು ಶತಮಾನ ಮೊದಲು, ಸುಮಾರು 1100ರ ಹೊತ್ತಿಗೆ, ನಾಗಚಂದ್ರನೆಂಬ ಜೈನ ಕವಿಯಿದ್ದನು. ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿ ಮಲ್ಲಿನಾಥಪುರಾಣವನ್ನು ಬರೆದವನು. ತನ್ನನ್ನು ಅಭಿನವಪಂಪನೆಂದು ಕರೆದುಕೊಂಡವನು. ಅವನ ರಾಮಚಂದ್ರಚರಿತಪುರಾಣ ಕನ್ನಡಿಗರಿಗೆ ಪಂಪರಾಮಾಯಣವೆಂದೇ ಪರಿಚಿತ.

ಜೈನ ರಾಮಾಯಣದ ರಾವಣ ಹತ್ತು ತಲೆಯ ರಾಕ್ಷಸನಲ್ಲ. ವಿದ್ಯಾಧರ ಕುಲದ ದೊಡ್ಡ ರಾಜ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಜಿನಮುನಿಯ ಮುಂದೆ ವ್ರತ ಹಿಡಿದವನು. ವಾಲ್ಮೀಕಿ ರಾಮಾಯಣದಲ್ಲಿ ಅವನನ್ನು ತಡೆಯುವುದು ಶಾಪದ ಭಯ. ಇಲ್ಲಿ ತಡೆಯುವುದು ತಾನಾಗಿ ಕೊಟ್ಟುಕೊಂಡ ಮಾತು. ಇದು ಸಣ್ಣ ವ್ಯತ್ಯಾಸವಲ್ಲ. ಇದೇ ಪರಂಪರೆಯಲ್ಲಿ ನಳಕೂಬರನ ಹೆಂಡತಿ ಉಪರಂಭೆ ರಾವಣನಿಗೆ ಮನಸೋತು ದೂತಿಯನ್ನು ಕಳುಹಿಸುವ ಪ್ರಸಂಗವೂ ಬರುತ್ತದೆ. ಅಲ್ಲಿ ಒಲ್ಲೆನೆನ್ನುವವನು ರಾವಣನೇ. ಆಕೆಗೆ ಬುದ್ಧಿ ಹೇಳಿ ಗಂಡನ ಬಳಿಗೇ ಕಳುಹಿಸುತ್ತಾನೆ. ಒಲ್ಲೆನೆನ್ನುವ ಹಕ್ಕು ಏನೆಂದು ಬಲ್ಲವನೇ ಸೀತೆಯ ವಿಷಯಕ್ಕೆ ಬಂದಾಗ ಕಿವುಡನಾದ.

ಸೀತೆಯನ್ನು ಎತ್ತಿಕೊಂಡು ಬಂದು ಪ್ರಮದವನದಲ್ಲಿ ಇರಿಸುತ್ತಾನೆ. ಮುಟ್ಟುವುದಿಲ್ಲ. ವ್ರತದ ಅಕ್ಷರವನ್ನು ಉಳಿಸಿಕೊಂಡು ಅರ್ಥವನ್ನು ಮುರಿದವನು ಅವನು. ಕರಾರಿನ ಅಕ್ಷರ ಪಾಲಿಸಿ ಅರ್ಥಕ್ಕೆ ಮೋಸ ಮಾಡುವವರನ್ನು ಬ್ಯಾಂಕಿನಲ್ಲಿ ಕೂತ ನಾವು ಬಹಳ ನೋಡುತ್ತೇವೆ, ಆದ್ದರಿಂದ ರಾವಣನ ಈ ಲೆಕ್ಕ ನನಗೆ ಬೇಗ ತಿಳಿಯಿತು. ಆಕೆ ಒಲಿದರೆ ವ್ರತಭಂಗವಿಲ್ಲವಲ್ಲ ಎಂದು ಕಾಯುತ್ತಾನೆ, ಹೆದರಿಸುತ್ತಾನೆ, ಬೇಡುತ್ತಾನೆ. ಕೊನೆಗೆ ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡು, ಇನ್ನು ರಾಮಲಕ್ಷ್ಮಣರು ಉಳಿಯರೆಂದು ಹೇಳಲು ಸೀತೆಯ ಬಳಿಗೆ ಬರುತ್ತಾನೆ. ರಾಮನಿಗೆ ಕೇಡಾದರೆ ತನ್ನ ಪ್ರಾಣವೂ ಇಲ್ಲವೆಂದು ಆಕೆ ಮೂರ್ಛೆ ಹೋಗುತ್ತಾಳೆ. ಅದೇ ಕ್ಷಣದಲ್ಲಿ ರಾವಣನೊಳಗೆ ಏನೋ ಮುರಿಯುತ್ತದೆ. ಇಷ್ಟು ದಿನ ಕಿವಿಯಲ್ಲಿದ್ದ ಮಾತು ಎದೆಗೆ ಇಳಿಯುತ್ತದೆ. ಒಬ್ಬರಿಗೊಬ್ಬರು ಒಲಿದವರನ್ನು ಅಗಲಿಸಿದೆನಲ್ಲ ಎಂದು ಮರುಗುತ್ತಾನೆ. ಸೀತೆಯ ಮೇಲಿನ ಬಯಕೆ ಅಲ್ಲಿಗೆ ಆರುತ್ತದೆ.

ಅಭಿನವಗುಪ್ತ ಶಾಸ್ತ್ರದಲ್ಲಿ 'ಮುಟ್ಟಿದ್ದರೆ ಕರಗುತ್ತಿತ್ತು' ಎಂದು ಬಿಟ್ಟಿದ್ದನ್ನು ನಾಗಚಂದ್ರನು ಕಾವ್ಯದಲ್ಲಿ ಮುಟ್ಟಿಸಿ ಕರಗಿಸಿ ತೋರಿಸಿದ್ದಾನೆ. ಒಬ್ಬನ ಮಾತನ್ನು ಇನ್ನೊಬ್ಬನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಹಾಗೆ ಕಾಣುತ್ತದೆ ಎಂದಷ್ಟೇ ನನ್ನ ಭಾವನೆ.

ಆದರೆ ಕವಿ ಇಲ್ಲಿಗೂ ಬಿಡುವುದಿಲ್ಲ. ಬಯಕೆ ಹೋಯಿತು, ಅಭಿಮಾನ ಉಳಿಯಿತು. ಈಗಲೇ ಸೀತೆಯನ್ನು ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ನಗುತ್ತದೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ತಂದು ಆಮೇಲೆ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಆ ಯುದ್ಧದಲ್ಲಿ ಲಕ್ಷ್ಮಣನ ಕೈಯಲ್ಲಿ ಮಡಿಯುತ್ತಾನೆ. ನಮ್ಮ ವಿಮರ್ಶಕರು ಇವನನ್ನು ದುರಂತನಾಯಕನೆಂದು ಕರೆದದ್ದು ಸರಿಯಾಗಿದೆ. ಪ್ರೇಮ ಅವನನ್ನು ಕೊಲ್ಲಲಿಲ್ಲ. 'ಸೋತೆ' ಎನ್ನಲಾರದ ಗಂಡುತನ ಕೊಂದಿತು. ಎಂಟು ಶತಮಾನಗಳ ಮೇಲೆ, 1949ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನಂನಲ್ಲಿ ಕುವೆಂಪು ಅವರು ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದರು. ಅಲ್ಲಿ ರಾವಣ ಕನಸಿನಲ್ಲಿ ಸೀತೆಯ ಮಡಿಲ ಕೂಸಾಗುತ್ತಾನೆ. ಬಯಕೆ ಭಕ್ತಿಯಾಗಿ ಮಗುತನವಾಗಿ ಮಾರ್ಪಡುತ್ತದೆ.

ಚಂಡಶಾಸನ ಮತ್ತು ಸುನಂದೆ

ಇನ್ನು ನಮ್ಮ ಗುರುಗಳು ಹೇಳಿದ ಕಥೆ. ಹೊಯ್ಸಳರ ಆಸ್ಥಾನದ ಜನ್ನನಿಗೆ ಈ ವಿಷಯ ಬಿಡದೆ ಕಾಡಿದಂತೆ ತೋರುತ್ತದೆ. 1209ರ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿ ಪತಿಯನ್ನು ಬಿಟ್ಟು ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಮನಸೋಲುತ್ತಾಳೆ. ಅವನು ಬೈದರೂ ಹೊಡೆದರೂ ಅವನ ಕಾಲ ಬಳಿಯಲ್ಲೇ ಇರುತ್ತಾಳೆ. ಹೆಂಡತಿಯ ಮೇಲೆ ಪ್ರಾಣವಿಟ್ಟ ಯಶೋಧರನ ಒಲವು ಮದುವೆಯೊಳಗೇ ಒಮ್ಮುಖವಾಗುತ್ತದೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ಹಿಡಿದು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕ ಬರೆದರು. 1230ರ ಅನಂತನಾಥಪುರಾಣದಲ್ಲಿ ಜನ್ನ ಇನ್ನೊಂದು ಕಥೆ ಹೇಳುತ್ತಾನೆ. ಅದೇ ಚಂಡಶಾಸನ ವೃತ್ತಾಂತ.

ಪೌದನಪುರದ ಅರಸು ವಸುಷೇಣ. ಅವನ ರಾಣಿ ಸುನಂದೆ. ವಸುಷೇಣನ ಗೆಳೆಯ ಚಂಡಶಾಸನ ಅತಿಥಿಯಾಗಿ ಬರುತ್ತಾನೆ. ಉಂಡ ಮನೆಯ ಒಡತಿಯನ್ನು ಕಂಡು ಮರುಳಾಗುತ್ತಾನೆ. ಮೋಸದಿಂದ ಆಕೆಯನ್ನು ಕದ್ದೊಯ್ಯುತ್ತಾನೆ. ಸುನಂದೆ ಒಪ್ಪುವುದಿಲ್ಲ. ಬೆದರಿಕೆಗೂ ಬಗ್ಗುವುದಿಲ್ಲ, ಬೇಡಿಕೆಗೂ ಕರಗುವುದಿಲ್ಲ. ಗಂಡ ಇರುವ ತನಕ ಈಕೆಗೆ ಆಸೆ, ಅವನಿಲ್ಲವೆಂದರೆ ತನ್ನ ಕಡೆ ತಿರುಗಿಯಾಳು ಎಂದು ಎಣಿಸಿ, ವಸುಷೇಣನದೆಂದು ಒಂದು ಹುಸಿ ತಲೆಯನ್ನು ಆಕೆಯ ಮುಂದೆ ಇಡಿಸುತ್ತಾನೆ. ಸುನಂದೆ ಅದನ್ನು ನಿಜವೆಂದು ನಂಬಿ ಅಲ್ಲಿಯೇ ಪ್ರಾಣ ಬಿಡುತ್ತಾಳೆ. ಚಂಡಶಾಸನ ಆಕೆಯ ಚಿತೆಯನ್ನು ಏರಿ ತಾನೂ ಸುಟ್ಟುಹೋಗುತ್ತಾನೆ.

ಈ ಕೊನೆಯನ್ನು ಓದಿ ಮರುಳಾಗದವರಿಲ್ಲ. ಪ್ರೇಮಿಸಿದವಳ ಚಿತೆಯಲ್ಲಿ ಬೆಂದವನು ಎಂಬ ಮಾತಿನಲ್ಲಿ ಒಂದು ದೊಡ್ಡತನ ಕಾಣುತ್ತದೆ. ಜನ್ನನ ಕಾವ್ಯಶಕ್ತಿಯೂ ಅಂಥದೇ. ಆದರೆ ಗುರುಗಳು ಅಂದು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: 'ಆ ಚಿತೆದಾಗ ಆಂವಗ ಜಾಗಾ ಕೊಟ್ಟಾವ್ರು ಯಾರು?' ಬದುಕಿದ್ದಾಗ ಬೇಡವೆಂದವಳ ಪಕ್ಕದಲ್ಲಿ, ಆಕೆ ಬೇಡವೆನ್ನಲಾರದ ಹೊತ್ತು ನೋಡಿ, ಹೋಗಿ ಮಲಗಿದವನು ಅವನು. ಆಕೆಯ ಕೊನೆಯ 'ಒಲ್ಲೆ'ಯನ್ನೂ ಅವನು ಕೇಳಿಸಿಕೊಳ್ಳಲಿಲ್ಲ. ಜೈನ ಕವಿಯಾದ ಜನ್ನನಿಗೆ ಇದು ತಿಳಿದಿತ್ತು. ಅದಕ್ಕೇ ಕಥೆ ಚಿತೆಯಲ್ಲಿ ಮುಗಿಯುವುದಿಲ್ಲ. ವಿರಕ್ತನಾಗಿ ದೀಕ್ಷೆ ಹಿಡಿದ ವಸುಷೇಣನೂ ಚಂಡಶಾಸನನೂ ಮುಂದಿನ ಭವದಲ್ಲಿ ಪುರುಷೋತ್ತಮ ಮತ್ತು ಮಧುಸೂದನರಾಗಿ ಹುಟ್ಟಿ ಎದುರಾಗುತ್ತಾರೆ. ಸುಟ್ಟ ಮಾತ್ರಕ್ಕೆ ಸಾಲ ತೀರಲಿಲ್ಲ.

ಈ ಕಥೆ ಹಳೆಯದೆಂದು ಬಿಡುವಂತಿಲ್ಲ. ಬೇಡವೆಂದ ಹೆಣ್ಣಿನ ಮುಖಕ್ಕೆ ಆಸಿಡ್ ಎರಚುವವನು ತನ್ನ ಕೃತ್ಯಕ್ಕೆ ಇಂದೂ ಪ್ರೇಮವೆಂಬ ಹೆಸರನ್ನೇ ಕೊಡುತ್ತಾನೆ. ನಮ್ಮ ದೇಶದ ಕಾನೂನು ಆಸಿಡ್ ದಾಳಿಯನ್ನೂ ಹೆಣ್ಣಿನ ಬೆನ್ನುಹತ್ತುವುದನ್ನೂ ಪ್ರತ್ಯೇಕ ಅಪರಾಧಗಳೆಂದು ಬರೆದುಕೊಂಡದ್ದು 2013ರಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಮುಂದುವರಿದಿವೆ. 1999ರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ದಿನ ನಿಂತ ನನಗೆ ಅಂಥ ಕಾನೂನಿನ ಭಯವಿರಲಿಲ್ಲ. ಇದ್ದದ್ದು ಗುರುಗಳೊಬ್ಬರು, ಅವರ ಹಿಂದೆ ಜನ್ನ.

ಒಲ್ಲೆನೆಂದು ನಡೆದವರು

ಕನ್ನಡ ನೆಲದಲ್ಲಿ ಎಲ್ಲಕ್ಕಿಂತ ದೊಡ್ಡ 'ಒಲ್ಲೆ' ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯದು. ಉಡುತಡಿಯ ಆಕೆಯನ್ನು ಅರಸ ಕೌಶಿಕ ಬಯಸಿದ. ಹರಿಹರನ ರಗಳೆಯ ಪ್ರಕಾರ ಆಕೆ ಶರತ್ತು ಹಾಕಿ ಅರಮನೆಗೆ ಹೋಗುತ್ತಾಳೆ. ಶರತ್ತು ಮುರಿದಾಗ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಡುತ್ತಾಳೆ. ಸುನಂದೆಗೆ 'ಒಲ್ಲೆ' ಎಂದು ಬದುಕುವ ದಾರಿಯಿರಲಿಲ್ಲ. ಅಕ್ಕ ಆ ದಾರಿಯನ್ನು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದು ತೋರಿಸಿದಳು. ವಿಶೇಷವೆಂದರೆ ಕೌಶಿಕನನ್ನು ಒಲ್ಲೆನೆಂದ ಆಕೆಯೂ ಒಬ್ಬ ಪ್ರೇಮಿಯೇ. ಕಣ್ಣಿಗೆ ಕಾಣದ ಚೆನ್ನಮಲ್ಲಿಕಾರ್ಜುನನಿಗಾಗಿ ಕಾಡು ಮೇಡು ಅಲೆದವಳು. ಒಲವಿನ ನೋವು ಬಲ್ಲವಳೇ ಒಲ್ಲದ ಒಲವಿಗೆ ತಲೆಬಾಗಲಿಲ್ಲ.

ಅದೇ ಕಾಲದ ಶರಣೆಯೆಂದು ನಮ್ಮ ಜನ ನಂಬುವ ದಾನಮ್ಮನ ಗುಡಿ ನಮ್ಮ ತಾಲೂಕಿನ ಗುಡ್ಡಾಪುರದಲ್ಲಿದೆ. ಛಟ್ಟಿ ಅಮಾವಾಸ್ಯೆಗೆ ವಿಜಯಪುರದ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ದಾನಮ್ಮ ಒಪ್ಪಿದವನನ್ನು ವರಿಸಿ ಸಂಸಾರದಲ್ಲಿದ್ದುಕೊಂಡೇ ಶರಣೆಯಾದವಳು. ಅಕ್ಕ ಒಪ್ಪದವನನ್ನು ಬಿಟ್ಟು ನಡೆದು ಶರಣೆಯಾದವಳು. ನಮ್ಮ ಹೆಣ್ಣುಮಕ್ಕಳು ಇಬ್ಬರ ಹಾಡನ್ನೂ ಒಂದೇ ಜಾತ್ರೆಯಲ್ಲಿ ಹಾಡುತ್ತಾರೆ.

ಹೆಣ್ಣು ಪ್ರೇಮಿಸಿ ಗಂಡು ಒಲ್ಲೆನೆಂದರೆ ಏನಾಗುತ್ತದೆ? ಕಾಸರಗೋಡಿನ ವಾಚಕರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಯಕ್ಷಗಾನದ 'ಭೀಷ್ಮವಿಜಯ'ದ ಅಂಬೆಯನ್ನು ಆಟದಲ್ಲಿಯೂ ತಾಳಮದ್ದಳೆಯಲ್ಲಿಯೂ ಅವರು ಎಷ್ಟೋ ರಾತ್ರಿ ಕಂಡಿದ್ದಾರೆ, ಕೇಳಿದ್ದಾರೆ. ಭೀಷ್ಮ ಸ್ವಯಂವರದಿಂದ ಎಳೆದು ತಂದ. ಮನಸ್ಸಿಟ್ಟ ಸಾಲ್ವ ಬೇರೆಯವನು ಗೆದ್ದುತಂದವಳೆಂದು ಬೇಡವೆಂದ. ಮರಳಿ ಬಂದಾಗ ಭೀಷ್ಮ ತನ್ನ ಪ್ರತಿಜ್ಞೆಯನ್ನು ಮುಂದೆ ಮಾಡಿದ. ಅಂಬೆಯದು ಬರಿಯ ಒಮ್ಮುಖ ಪ್ರೇಮವಲ್ಲ. ತನ್ನ ತಪ್ಪಿಲ್ಲದೆ ಇಬ್ಬರ ನಡುವೆ ನೆಲೆ ಕಳೆದುಕೊಂಡವಳ ಸಿಟ್ಟು. ಆ ಸಿಟ್ಟು ಶಿಖಂಡಿಯಾಗಿ ಕುರುಕ್ಷೇತ್ರದ ತನಕ ನಡೆಯಿತು. ಇವಳನ್ನು ಚಂಡಶಾಸನನ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ದೇವಯಾನಿಯ ಕಥೆ ಬೇರೆ. ಸಂಜೀವಿನಿ ವಿದ್ಯೆಗಾಗಿ ಶುಕ್ರಾಚಾರ್ಯರ ಬಳಿ ಬಂದ ಕಚನನ್ನು ಆಕೆ ಒಲಿದಳು. ವಿದ್ಯೆ ಮುಗಿದ ಮೇಲೆ ಗುರುಪುತ್ರಿ ತಂಗಿಯ ಸಮಾನವೆಂದು ಅವನು ಒಲ್ಲೆನೆಂದ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ಆಕೆ ಶಪಿಸಿದಳು. ನಿನ್ನನ್ನು ಋಷಿಪುತ್ರರಾರೂ ವರಿಸದಿರಲಿ ಎಂದು ಅವನೂ ಶಪಿಸಿದ. ಇಬ್ಬರ ಬಾಯಲ್ಲೂ ಶಾಪ ಬಂದದ್ದು ನೋಡಿದರೆ ಒಲ್ಲೆನೆನ್ನುವುದಕ್ಕೂ ಒಂದು ರೀತಿ ಬೇಕು ಎನಿಸುತ್ತದೆ. ಮಹಾಭಾರತದ ಈ ಎಳೆಯನ್ನು ಹಿಡಿದು ದೊಡ್ಡ ಕಾದಂಬರಿ ಬರೆದವರು 1898ರಲ್ಲಿ ನಮ್ಮ ಜಿಲ್ಲೆಯ ಸಾಂಗ್ಲಿಯಲ್ಲಿಯೇ ಹುಟ್ಟಿದ ವಿ. ಸ. ಖಾಂಡೇಕರರು. ಅವರ 'ಯಯಾತಿ' 1959ರಲ್ಲಿ ಬಂದು, 1974ರ ಜ್ಞಾನಪೀಠ ಪ್ರಶಸ್ತಿಯನ್ನು ಮರಾಠಿಗೆ ಮೊದಲ ಬಾರಿಗೆ ತಂದಿತು. ಅಲ್ಲಿ ದೇವಯಾನಿಯ ಮದುವೆಯ ಮೇಲೆಲ್ಲ ಕಚನ ನೆನಪಿನ ನೆರಳು ಬಿದ್ದಿದೆ. ಕಚ ಮಾತ್ರ ಕಾದಂಬರಿಯುದ್ದಕ್ಕೂ ಸಂಯಮಿಯಾಗಿ, ಬಯಸದೆ ಪ್ರೀತಿಸುವುದನ್ನು ಬಲ್ಲವನಾಗಿ ಉಳಿಯುತ್ತಾನೆ. ಜತ್ತದ ನಮಗೆ ಒಂದು ಅನುಕೂಲವಿದೆ. ಖಾಂಡೇಕರರನ್ನು ಮರಾಠಿಯಲ್ಲಿ, 1961ರ ಕಾರ್ನಾಡರ 'ಯಯಾತಿ' ನಾಟಕವನ್ನು ಕನ್ನಡದಲ್ಲಿ ಓದಿ, ಎರಡನ್ನೂ ತಮ್ಮದೇ ಎನ್ನುವ ಜನ ನಾವು.

ಚಂದ್ರಗಿರಿಯ ಆಚೆ

ಮಲಯಾಳ ಕಾವ್ಯವನ್ನು ನಾನು ಅನುವಾದಗಳಲ್ಲಿ ಮಾತ್ರ ಬಲ್ಲೆ. ಆದರೂ ಈ ವಿಷಯದಲ್ಲಿ ಕುಮಾರನ್ ಆಶಾನ್ ಅವರನ್ನು ಬಿಟ್ಟು ಮುಂದೆ ಹೋಗಲಾಗದು. 1911ರ 'ನಳಿನಿ'ಯಲ್ಲಿ ಬಾಲ್ಯದ ಗೆಳೆಯ ದಿವಾಕರನನ್ನೇ ನೆನೆದು ಬಾಳಿದ ನಳಿನಿ, ಸಂನ್ಯಾಸಿಯಾದ ಅವನನ್ನು ಹಿಮಾಲಯದಲ್ಲಿ ಕಂಡು ಅಲ್ಲಿಯೇ ಪ್ರಾಣ ಬಿಡುತ್ತಾಳೆ. 1923ರ 'ಕರುಣ'ದಲ್ಲಿ ಮಥುರೆಯ ಗಣಿಕೆ ವಾಸವದತ್ತೆ ಬೌದ್ಧ ಭಿಕ್ಷು ಉಪಗುಪ್ತನಿಗೆ ಮತ್ತೆ ಮತ್ತೆ ಹೇಳಿ ಕಳುಹಿಸುತ್ತಾಳೆ. ಇನ್ನೂ ಹೊತ್ತು ಬಂದಿಲ್ಲವೆಂದು ಅವನು ಉತ್ತರ ಕಳುಹಿಸುತ್ತಾನೆ. ಮುಂದೆ ಕೊಲೆಯ ಅಪರಾಧಕ್ಕಾಗಿ ಕೈಕಾಲು ಕಡಿಸಿಕೊಂಡು ಮಸಣದಲ್ಲಿ ಆಕೆ ಬಿದ್ದಾಗ, ಯಾರೂ ಬಾರದ ಹೊತ್ತಿನಲ್ಲಿ, ಅವನು ಬರುತ್ತಾನೆ. ಒಲ್ಲೆನೆಂದವನಿಗೆ ಕರುಣೆಯಿಲ್ಲವೆಂದು ಯಾರು ಹೇಳಿದರು? ಕಚನಿಂದ ಶಾಪ ಬಂದ ಜಾಗದಲ್ಲಿ ಉಪಗುಪ್ತನಿಂದ ಕೈಯಾಸರೆ ಬಂತು. ಒಲ್ಲೆನೆನ್ನುವುದರ ರೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕಾವ್ಯವನ್ನು ನಾನು ಕಂಡಿಲ್ಲ.

1936ರಲ್ಲಿ ಕವಿ ಇಡಪ್ಪಳ್ಳಿ ರಾಘವನ್ ಪಿಳ್ಳೆ ಪ್ರೇಮಭಂಗದಿಂದ ಆತ್ಮಹತ್ಯೆ ಮಾಡಿಕೊಂಡರು. ಆ ದುಃಖದಲ್ಲಿ ಗೆಳೆಯ ಚಙ್ಙಂಪುಳ ಕೃಷ್ಣಪಿಳ್ಳೆ ಬರೆದ 'ರಮಣನ್' ಕೇರಳದ ಮನೆಮಾತಾಯಿತು. ಕುರಿ ಕಾಯುವ ಬಡ ರಮಣನನ್ನು ಸಿರಿವಂತರ ಮಗಳು ಚಂದ್ರಿಕೆ ಒಲಿದು, ಕೊನೆಗೆ ಮನೆಯವರು ತೋರಿಸಿದ 'ವರ'ನಿಗೆ ಕೊರಳೊಡ್ಡುತ್ತಾಳೆ. ರಮಣ ಪ್ರಾಣ ಕಳೆದುಕೊಳ್ಳುತ್ತಾನೆ. ಓದಿದವರೆಲ್ಲ ರಮಣನಿಗಾಗಿ ಅತ್ತರು, ಚಂದ್ರಿಕೆಯನ್ನು ದೂರಿದರು. ಮದುವೆಯ ಮಾತಿನಲ್ಲಿ ಆ ಕಾಲದ ಹುಡುಗಿಗೆ ಎಷ್ಟು ಬಾಯಿಯಿತ್ತು ಎಂದು ಕೇಳಿದವರು ಕಡಿಮೆ. ಪ್ರೇಮಕ್ಕಾಗಿ ಸಾಯುವುದು ಸುಂದರವೆಂಬ ಭಾವನೆಯನ್ನು ಇಂಥ ಕಾವ್ಯಗಳು ಎಳೆಯರಲ್ಲಿ ಬಿತ್ತುತ್ತವೆ ಎಂಬ ಭಯ ನನಗಿದೆ. ಗೆಳೆಯನನ್ನು ಕಳೆದುಕೊಂಡ ಕವಿಯ ನೋವು ಅದರಲ್ಲಿ ನಿಜವಾದದ್ದು. ಸಾವಿನ ಸೊಗಸು ನಿಜವಲ್ಲ.

ಹಲಸಂಗಿಯ ದಾರಿ

ಮತ್ತೆ ನಮ್ಮ ಕಡೆಗೆ ಬರೋಣ. ನಮ್ಮ ಬಯಲಿನಲ್ಲಿ ಒಲವಿನ ನೋವು ಪುಸ್ತಕಕ್ಕಿಂತ ಮೊದಲು ಹಾಡಿನಲ್ಲಿತ್ತು. ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟ ಪರರ ಹೆಂಡತಿ ಗಂಗಿಯನ್ನು ಕಂಡು ಸಂಗ್ಯಾ ಮರುಳಾಗುವುದರಿಂದ ಶುರುವಾಗಿ, ಗೆಳೆಯನ ದ್ರೋಹ ಮತ್ತು ಕೊಲೆಯಲ್ಲಿ ಮುಗಿಯುತ್ತದೆ. ಚಂಡಶಾಸನನ ಕಥೆಯನ್ನು ಕೇಳದ ಹಳ್ಳಿಗಳೂ ಈ ಆಟವನ್ನು ಕಂಡಿವೆ.

ಜತ್ತದಿಂದ ಪೂರ್ವಕ್ಕೆ, ಈಗ ವಿಜಯಪುರ ಜಿಲ್ಲೆಯಲ್ಲಿರುವ ಹಲಸಂಗಿ ಎಂಬ ಹಳ್ಳಿ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಹಾಗೆ ಕಾವ್ಯದಲ್ಲಿ ಬಾಯಿಯಿಲ್ಲದಿದ್ದ ಹೆಣ್ಣಿನ ಮಾತು ಆಕೆಯ ಬಾಯಿಂದಲೇ ಅಚ್ಚಿಗೆ ಬಂತು. ಅವರಲ್ಲಿ ಮಧುರಚೆನ್ನರು (1903-1953) 'ನನ್ನ ನಲ್ಲ' ಎಂಬ ಕಾವ್ಯ ಬರೆದರು. ಅಲ್ಲಿ ಗಂಡಸಾದ ಕವಿಯೇ ಕಾಯುವ ಹೆಣ್ಣಾಗಿ, ಕಣ್ಣಿಗೆ ಬೀಳದ ನಲ್ಲನನ್ನು, ಅಂದರೆ ದೈವವನ್ನು, ನೆನೆದು ಹಂಬಲಿಸುತ್ತಾನೆ. ನಲ್ಲ ಬಾರದಿದ್ದರೆ ಎಳೆದು ತರುವ ಮಾತಿಲ್ಲ. ಮನೆ ಗುಡಿಸಿ ಕಾಯುವುದಷ್ಟೇ. ನಮ್ಮ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು (1843-1914), ಅವರ ಶಿಷ್ಯರಾಗಿ ನಿಂಬಾಳದಲ್ಲಿ ನೆಲೆಸಿದ್ದ ಗುರುದೇವ ರಾನಡೆಯವರು (1886-1957) ನಡೆದದ್ದೂ ಇದೇ ಕಾಯುವ ದಾರಿ. ಉಮದಿಯ ನಾಮಸ್ಮರಣೆಗೆ ಕನ್ನಡ ಮರಾಠಿಗಳೆಂಬ ಭೇದವಿರಲಿಲ್ಲ.

ಹೊಸ ಕಾಲದ ಕಾದಂಬರಿಗಳಲ್ಲಿ ಶಾಂತಿನಾಥ ದೇಸಾಯಿಯವರ 'ಮುಕ್ತಿ' (1961) ಈ ಸಾಲಿಗೆ ಸೇರುತ್ತದೆ. ಕಾಮಿನಿಯ ಮೋಹದಲ್ಲಿ ಸಿಕ್ಕಿಕೊಂಡ ಗೌರೀಶ ಹೊರಗೆ ಬರಲು ಹೆಣಗುವುದು ಅದರ ವಸ್ತು. ಇಲ್ಲಿ ಚಿತೆಯೂ ಇಲ್ಲ, ಶಾಪವೂ ಇಲ್ಲ. ತನ್ನ ಮನಸ್ಸನ್ನು ತಾನೇ ಬಿಚ್ಚಿ ನೋಡಿಕೊಳ್ಳುವ ಒಬ್ಬ ವಿದ್ಯಾವಂತ ತರುಣನಿದ್ದಾನೆ. ದೇಸಾಯಿಯವರು ಕೊಲ್ಲಾಪುರದ ಶಿವಾಜಿ ವಿದ್ಯಾಪೀಠದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ನಮ್ಮ ಭಾಗದ ಕಾಲೇಜುಗಳೆಲ್ಲ ಅದೇ ವಿದ್ಯಾಪೀಠದವು.

ಗಡಿಯವರ ಒಲವು

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಪಕ್ಕದ ಬಿಜಾಪುರ ಮೈಸೂರಿಗೆ ಹೋಯಿತು, ನಾವು ಇತ್ತ ಉಳಿದೆವು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ಆಯೋಗದ ವರದಿ ಜತ್ತ ತಾಲೂಕಿನ ಪೂರ್ವದ ಹಳ್ಳಿಗಳನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಆ ಶಿಫಾರಸು ಕಾಗದದಲ್ಲಿಯೇ ಉಳಿಯಿತು. ಆ ಮಟ್ಟಿಗೆ ಈ ವಾರ್ಷಿಕದ ವಾಚಕರೂ ನಾವೂ ಒಂದೇ ಕಡತದ ಜನ. 2022ರ ಕೊನೆಗೆ ನೀರಿಲ್ಲದ ನಮ್ಮ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಕೆಲವು ವಾರ ಮೆರೆದು ಮರೆಯಾಯಿತು.

ಗಡಿಯ ಕನ್ನಡಿಗನ ಕನ್ನಡದ ಒಲವು ಹಲವು ಸಲ ಕೈಕ್ಕಿಳೈ ಎನಿಸುತ್ತದೆ. ನಿಲ್ಲಲು ನೆಲವಿಲ್ಲದ ಒಲವು. ಇದಕ್ಕೂ ಮೇಲೆ ಕಂಡ ದಾರಿಗಳೇ ಇವೆ. ಚಂಡಶಾಸನನಂತೆ ನೆರೆಯವನನ್ನು ವೈರಿಯೆಂದು ಬಗೆದು ಮನೆ ಸುಡಬಹುದು. ರಾವಣನಂತೆ ಒಳಗೆ ಕರಗಿದ ಮೇಲೂ ಅಭಿಮಾನಕ್ಕಾಗಿ ಬಡಿದಾಡಬಹುದು. ಇಲ್ಲವೆ ಹಲಸಂಗಿಯವರಂತೆ ನಮ್ಮ ಅಂಗಳದ ಹಾಡನ್ನು ಬರೆದಿಟ್ಟು, ಮಕ್ಕಳಿಗೆ ಅಕ್ಷರ ಕಲಿಸಿ, ನೆರೆಮನೆಯ ಭಾಷೆಯನ್ನೂ ಕಲಿತು ಬಾಳಬಹುದು. ನಮ್ಮ ಗುರುಗಳು ಮೂವತ್ತು ವರ್ಷ ಮಾಡಿದ್ದು ಈ ಮೂರನೆಯದನ್ನೇ. ಕನ್ನಡ ಮಲಯಾಳಗಳೆರಡೂ ಒಂದೇ ರಟ್ಟಿನೊಳಗೆ ಕೂಡುವ ಈ ಸಂಚಿಕೆ ಮಾಡುತ್ತಿರುವುದೂ ಅದನ್ನೇ ಎಂದು ತಿಳಿದಿದ್ದೇನೆ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ, ಗದ್ದಲದ ಹೊತ್ತಿನಲ್ಲಿ, ನನ್ನ ಕೌಂಟರಿನ ಕಿಂಡಿಯಲ್ಲಿ ಒಂದು ಪಾಸ್‌ಬುಕ್ಕು ಬಂತು. ತಲೆಯೆತ್ತಿ ನೋಡಿದೆ. ಆಕೆಯೇ. ಪಕ್ಕದಲ್ಲಿ ಹೈಸ್ಕೂಲಿಗೆ ಹೋಗುವ ಮಗಳು. ಆಕೆಯೂ ಗುರುತು ಹಿಡಿದಳು. ಮುಖದಲ್ಲಿ ಹೆದರಿಕೆಯಿರಲಿಲ್ಲ, ಅಳುಕೂ ಇರಲಿಲ್ಲ. 'ಕಸೆ ಆಹಾತ ತುಮ್ಹಿ?' ಎಂದು ಕೇಳಿದಳು. 'ಬರಾ ಆಹೆ' ಎಂದೆ. 'ಇವರು ನಮ್ಮ ಕ್ಲಾಸಿನವರು' ಎಂದು ಮಗಳಿಗೆ ಹೇಳಿದಳು. ನಾನು ಪಾಸ್‌ಬುಕ್ಕು ತುಂಬಿಕೊಟ್ಟೆ.

ಆರನೆಯ ದಿನವೂ ನಾನು ಸ್ಟ್ಯಾಂಡಿನಲ್ಲಿ ನಿಂತಿದ್ದರೆ ಆಕೆ ಆ ದಿನ ನನ್ನ ಕಿಂಡಿಯನ್ನು ಬಿಟ್ಟು ಬೇರೆ ಸಾಲಿನಲ್ಲಿ ನಿಲ್ಲುತ್ತಿದ್ದಳು.